ಮೆಥಿಲೇಷನ್ ಇಲ್ಲದ ಕಂಟ್ರೋಲ್‌ನಲ್ಲೂ ಬ್ಯಾಂಡ್ ಬರ್ತಿದೆಯಾ?
ಎಂಜಿಎಂಟಿ ಅನ್ನೋ ಡಿಎನ್‌ಎ ರಿಪೇರಿ ಜೀನ್‌ನ ಎಂಎಸ್‌ಪಿಯಲ್ಲಿ (ಮೆಥಿಲ್ ಗುಂಪು ಅಂಟಿದೆಯಾ ಅಂತ ನೋಡುವ ಪಿಸಿಆರ್) ಮೆಥಿಲೇಷನ್ ಇಲ್ಲದ ಕಂಟ್ರೋಲ್‌ಗೂ ಎಂ ಪ್ರೈಮರ್ (ಮೆಥಿಲ್ ಆದ ಡಿಎನ್‌ಎಗೆ ಮಾತ್ರ ಅಂಟಬೇಕಾದದ್ದು) ಬ್ಯಾಂಡ್ ಕೊಡುತ್ತಿದೆ ಅಂದಿರಲ್ಲ, ಮೊದಲು ಪಿಸಿಆರ್‌ಗೆ ಮುಂಚೆ ಡಿಎನ್‌ಎಗೆ ರಾಸಾಯನಿಕ ಹಾಕುವ ಬೈಸಲ್ಫೈಟ್ ಹಂತವನ್ನೇ ಅನುಮಾನಿಸಿ. ಮೆಥಿಲ್ ಇಲ್ಲದ ಸಿ (ಸೈಟೋಸಿನ್) ಅಲ್ಲಿ ಯು (ಯುರಾಸಿಲ್) ಆಗಬೇಕು, ಪಿಸಿಆರ್ ಆದ ಮೇಲೆ ಟಿ (ಥೈಮಿನ್) ಆಗಿ ಕಾಣಬೇಕು. ಈ ಬದಲಾವಣೆ ಅರ್ಧಂಬರ್ಧ ಆದರೆ ಉಳಿದ ಸಿ ಎಲ್ಲ ಮೆಥಿಲ್ ಆದಂತೆಯೇ ಕಾಣುತ್ತದೆ, ಪಾಪ ಪ್ರೈಮರ್‌ಗೇನು ಗೊತ್ತು! ಅದಕ್ಕೇ ಸಿಪಿಜಿಗೆ (ಸಿ ಆದ ಮೇಲೆ ಜಿ ಬರುವ, ಮೆಥಿಲ್ ಅಂಟುವ ಜಾಗ) ಸೇರದ ಸಿಗಳೂ ಮೂರ್ನಾಲ್ಕು ಇರುವ ಜಾಗದಲ್ಲಿ ಪ್ರೈಮರ್ ಕೂರಿಸಿ, ಅವು ಬದಲಾಗಿವೆ ಅಂತಲೇ ಲೆಕ್ಕ ಹಾಕಿ ಬರೆಯಿರಿ. ಆಗ ಬದಲಾಗದ ಡಿಎನ್‌ಎಗೆ ಪ್ರೈಮರ್ ಸರಿಯಾಗಿ ಅಂಟುವುದಿಲ್ಲ. ಒಂದು ಸಿಪಿಜಿಯಾದರೂ ಪ್ರೈಮರ್‌ನ 3 ಪ್ರೈಮ್ ತುದಿಯಲ್ಲೇ (ನಕಲು ಮುಂದುವರಿಯುವ ತುದಿ) ಇರಲಿ. ನಿಮ್ಮದು ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಅಂಗಾಂಶ) ಅಲ್ವಾ? ಅದರ ಡಿಎನ್‌ಎ ಮೊದಲೇ ಚೂರುಚೂರು, ಬೈಸಲ್ಫೈಟ್ ಇನ್ನಷ್ಟು ಮುರಿಯುತ್ತದೆ. ಪಿಸಿಆರ್‌ನಲ್ಲಿ ನಕಲಾಗುವ ತುಣುಕು 100-150 ಬೇಸ್ ದಾಟದಿರಲಿ. ಸುಮ್ನೆ ಪಿಸಿಆರ್ ಸೈಕಲ್ ಜಾಸ್ತಿ ಮಾಡಬೇಡಿ, ಸುಳ್ಳು ಬ್ಯಾಂಡ್ ಬರುವುದೇ ಹಾಗೆ.