ಬಿಲ್ಲಿನಲ್ಲಿ ‘ಬೆಂಗಳೂರು ಮಾತ್ರ’ ಎಂದಿದ್ದರೆ ಕೇಸು ಎಲ್ಲಿ?

ಪ್ರಶ್ನೆ: ತಿಪಟೂರು ಹತ್ತಿರದ ಹಳ್ಳಿ ನಮ್ಮದು. ಎರಡೂವರೆ ಎಕರೆ ತೆಂಗಿನ ತೋಟ ಇದೆ. ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಅಂಗಡಿಯೊಂದರಿಂದ 42,000 ರೂಪಾಯಿ ಕೊಟ್ಟು ಬೋರ್‌ವೆಲ್ ಮೋಟಾರು ತಂದೆವು. ನಾಲ್ಕೇ ತಿಂಗಳಿಗೆ ಸುಟ್ಟಿತು. ವಾರಂಟಿ ಇದೆಯಲ್ಲ ಎಂದರೆ ನಿಮ್ಮಲ್ಲಿ ವೋಲ್ಟೇಜ್ ಸರಿಯಿಲ್ಲ ಎನ್ನುತ್ತಾರೆ. ಬಿಲ್ಲಿನ ಕೆಳಗೆ ‘ತಕರಾರುಗಳು ಬೆಂಗಳೂರು ವ್ಯಾಪ್ತಿಗೆ ಮಾತ್ರ’ ಎಂದು ಅಚ್ಚಾಗಿದೆ. ಕಂಪನಿ ಇರುವುದು ಕೊಯಮತ್ತೂರಿನಲ್ಲಿ. ಎಲ್ಲಿಗೆ ಅಂತ ಓಡಾಡೋದು ಸಾರ್?

ಉತ್ತರ: ಎರಡು ಕಡೆಗೂ ಬೇಡ, ನಿಮ್ಮ ಜಿಲ್ಲಾ ಕೇಂದ್ರ ತುಮಕೂರಿಗೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ, ಕೊಂಡವರು ತಾವು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಅಂಗಡಿ ಎಲ್ಲೇ ಇರಲಿ. ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಒಂದು ಸಾಲಿನಿಂದ ಕಾಯ್ದೆ ಕೊಟ್ಟ ಹಕ್ಕು ಹೋಗಲ್ಲ. ಅಂಗಡಿಯವರು, ಕಂಪನಿಯವರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುತ್ತಾರೆ.

ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಲೆಕ್ಕಕ್ಕೆ ಬರುವುದು ಕೊಟ್ಟ ಬೆಲೆ ಮಾತ್ರ, ಕೇಳುವ ಪರಿಹಾರ ಅಲ್ಲ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರು ಬೇಕೇಬೇಕು ಅಂತೇನಿಲ್ಲ, ನೀವೇ ವಾದಿಸಬಹುದು.

ತೋಟಕ್ಕೆ ತಂದಿದ್ದು ವ್ಯಾಪಾರದ ಖರೀದಿ, ಇವರು ಗ್ರಾಹಕರೇ ಅಲ್ಲ ಎಂದು ಅವರು ತಕರಾರು ತೆಗೆಯಬಹುದು. ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡ ವಸ್ತುವನ್ನು ವ್ಯಾಪಾರದ ಖರೀದಿ ಎಂಬ ಲೆಕ್ಕದಿಂದ ಕಾಯ್ದೆಯೇ ಹೊರಗಿಟ್ಟಿದೆ. ನಾವೇ ತೋಟ ನೋಡಿಕೊಳ್ಳುತ್ತೇವೆ, ಜೀವನ ಇದರಿಂದಲೇ ಎಂದು ದೂರಿನಲ್ಲೇ ಬರೆಯಿರಿ, ಪಹಣಿಯ ನಕಲು ಲಗತ್ತಿಸಿ.

ಇನ್ನು ಮೋಟಾರಿನ ವಿಷಯ. ನೀರಿಲ್ಲ, ತೆಂಗು ಒಣಗುತ್ತೆ ಅಂತ ಅವಸರಕ್ಕೆ ಬಿದ್ದು ಅದೇ ಮೋಟಾರಿಗೆ ವೈಂಡಿಂಗ್ ಮಾಡಿಸಿಬಿಡಬೇಡಿ, ಒಳಗಿನ ಸುಟ್ಟ ತಂತಿ ಸುರುಳಿಯೇ ನಿಮ್ಮ ಸಾಕ್ಷಿ. ವೋಲ್ಟೇಜಿನಿಂದ ಸುಟ್ಟಿದ್ದೋ, ಮೋಟಾರಿನಲ್ಲೇ ದೋಷ ಇತ್ತೋ ಎಂದು ತಿಳಿಯಲು ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಸದ್ಯಕ್ಕೆ ಬೇರೆ ಮೋಟಾರು ಇಳಿಸಿಕೊಳ್ಳಿ. ಅದರ ಬಿಲ್ಲು, ಮೋಟಾರು ಎತ್ತಿಸಿದ ಕೂಲಿಯ ಚೀಟಿ ಎರಡನ್ನೂ ಜೋಪಾನ ಮಾಡಿ, ಆ ಖರ್ಚನ್ನೂ ಕೇಳಬಹುದು.

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಕೆಲವು ಕಂಪನಿಗಳು ಅಷ್ಟಕ್ಕೇ ದಾರಿಗೆ ಬರುತ್ತವೆ. ಆದರೆ ಅದನ್ನೇ ನಂಬಿ ಕೂರಬೇಡಿ, ತಕರಾರು ಹುಟ್ಟಿದ 2 ವರ್ಷದೊಳಗೆ ಆಯೋಗಕ್ಕೆ ದೂರು ಸಲ್ಲಿಸಬೇಕು.