ಪಕ್ಕದ ಮನೆಯ ಕಡುಬು, ಬೈಬಲಿನ ಒಂದೇ ಪತ್ರಿಕೆಯ ಎರಡು ವಚನ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ಮೈಸೂರು ಕಡೆಯ ಕ್ರೈಸ್ತ ಕುಟುಂಬ. ಅತ್ತೆ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಸಭೆಯಲ್ಲೇ ಹುಟ್ಟಿ ಬೆಳೆದವರು, ಸೊಸೆ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೊಸ್ತ್ ಸಭೆಯಿಂದ ಬಂದವಳು. ಗಣೇಶ ಹಬ್ಬದ ದಿನ ಪಕ್ಕದ ಮನೆಯಾಕೆ ಸ್ಟೀಲ್ ಡಬ್ಬದಲ್ಲಿ ಕಡುಬು ತಂದು, "ಈಗಷ್ಟೇ ಪೂಜೆ ಆಯ್ತು, ಬಿಸಿ ಇರುವಾಗಲೇ ತಿನ್ನಿ" ಎಂದು ಕೊಟ್ಟುಹೋದರು. ಅತ್ತೆ ಎರಡು ತಿಂದರು. ಉಳಿದದ್ದನ್ನು ಸೊಸೆ ಕಸದ ಬುಟ್ಟಿಗೆ ಸುರಿದು, ಆರು ವರ್ಷದ ಮಗಳಿಗೆ "ಅದು ಸೈತಾನಂದು" ಎಂದಳು. ಮಗು ಆ ಮಾತನ್ನು ನೇರ ಪಕ್ಕದ ಮನೆಗೇ ಮುಟ್ಟಿಸಿತು. ಅಂದಿನಿಂದ ಅತ್ತೆ ಸೊಸೆ ಒಟ್ಟಿಗೆ ಊಟಕ್ಕೆ ಕೂತಿಲ್ಲ. ಅತ್ತೆ ತಮ್ಮ ಸಭೆಯ ಅಯ್ಯನವರ (ಪಾದ್ರಿಯ) ಪ್ರಸಂಗವನ್ನು, ಸೊಸೆ ತನ್ನ ಪಾಸ್ಟರದನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಿದ್ದರು. "ಯಾರದು ಸರಿ ಹೇಳಿಬಿಡಿ" ಎಂದು ಮಗ ಆಪ್ತಸಲಹೆಗೆ ನಮ್ಮಲ್ಲಿ ಬಂದ.

ಅತ್ತೆಯ ಆಧಾರ 1 ಕೊರಿಂಥ 8:4 (ಕೊರಿಂಥ ಪಟ್ಟಣದ ಸಭೆಗೆ ಅಪೊಸ್ತಲ ಪೌಲ ಬರೆದ, ಬೈಬಲಿನಲ್ಲಿರುವ ಮೊದಲ ಪತ್ರಿಕೆ; ಅಧ್ಯಾಯ 8, ವಚನ 4), ವಿಗ್ರಹವೆಂಬುದು ಏನೂ ಅಲ್ಲ. ಸೊಸೆಯದು 10:21, ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಪಾಲು ತೆಗೆದುಕೊಳ್ಳಲಾಗದು. ಎರಡೂ ಪೌಲನವೇ, ಒಂದೇ ವಾದದ ತುದಿ ಮೊದಲು.

ಮೊದಲ ಸಲಹೆ: 8ರಿಂದ 10ನೇ ಅಧ್ಯಾಯ, ಒಟ್ಟು 73 ವಚನ, ಒಂದೇ ಕೂತಲ್ಲಿ ಸರದಿಯಂತೆ ಗಟ್ಟಿಯಾಗಿ ಓದಿ. ನಿಮ್ಮ ಅಡಿಗೆರೆ ಬಿದ್ದ ಬೈಬಲ್ ಬೇಡ, ಕಣ್ಣು ಹಳೆಯ ಗೆರೆಗೇ ಹೋಗುತ್ತದೆ. ಊಟದ ಮಾತು ಬಂದಲ್ಲೆಲ್ಲ ಬರೆದುಕೊಳ್ಳಿ: ಎಲ್ಲಿ ತಿನ್ನುವುದು, ಯಾರು ಏನೆಂದರು, ಯಾರ ಮನಸ್ಸಾಕ್ಷಿ.

ಪಟ್ಟಿ ಮಾಡಿದ ಮೇಲೆ ಚಿತ್ರ ಬದಲಾಯಿತು. 8:10 ಗುಡಿಯೊಳಗಿನ ಊಟ. 10:14–22 ವಿಗ್ರಹಾರಾಧನೆಯಲ್ಲೇ ಪಾಲ್ಗೊಳ್ಳುವುದು. ಅದು ಖಂಡಿತ ಬೇಡ. ಕೊರಿಂಥದ ಪೇಟೆಗೆ ಬಲಿಯ ಮಾಂಸವೂ ಬರುತ್ತಿತ್ತು. ಆದರೂ 10:25–27 ಅಂಗಡಿಯದನ್ನಾಗಲಿ, ಕರೆದವರ ಮನೆಯದನ್ನಾಗಲಿ ವಿಚಾರಿಸದೆ ತಿನ್ನಿ ಎನ್ನುತ್ತದೆ. 10:28ರಲ್ಲಿ ತಿರುವು: ಅರ್ಪಿಸಿದ್ದೆಂದು ಯಾರಾದರೂ ತಿಳಿಸಿದರೆ, ತಿಳಿಸಿದವನಿಗೋಸ್ಕರ ಬಿಡಿ. ಇದನ್ನು ಓದಿದಾಗ ಅತ್ತೆ ಸುಮ್ಮನಾದರು. ಆದರೆ "ಪೂಜೆ ಆಯ್ತು" ಎಂದ ಮಾತ್ರಕ್ಕೆ ಡಬ್ಬದಲ್ಲಿದ್ದದ್ದು ನೈವೇದ್ಯವೇ? ಎಡೆಗೆ ಐದು ಇಟ್ಟು, ಉಳಿದದ್ದನ್ನು ಪಾತ್ರೆಯಿಂದಲೇ ಹಂಚುವ ಮನೆಗಳಿವೆ. ಇಲ್ಲಿ ವಿವೇಕಿ ಕ್ರೈಸ್ತರೇ ಎರಡು ದಾರಿ ಹಿಡಿಯುತ್ತಾರೆ; ತೀರ್ಪು ಆಪ್ತಸಲಹೆಗಾರರ ಕೆಲಸವಲ್ಲ. ಕಸದ ಬುಟ್ಟಿಗೆ ಮಾತ್ರ ಆ 73ರಲ್ಲಿ ಒಂದೂ ಆಧಾರವಿಲ್ಲ. 10:32 ಹೊರಗಿನವರಿಗೂ ಅಡ್ಡಿಯಾಗಬೇಡಿ ಎನ್ನುತ್ತದೆ.

ಅತ್ತೆಯ ತಪ್ಪು ಇನ್ನೊಂದು. ಸೊಸೆಯನ್ನು "ಬಲಹೀನಳು" ಎಂದು ಚುಚ್ಚುತ್ತಿದ್ದರು. 8ನೇ ಅಧ್ಯಾಯದ ಬಲಹೀನ ಎಂದರೆ ಮತ್ತೊಬ್ಬರನ್ನು ನೋಡಿ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ತಿನ್ನುವವನು, ಬೇಡವೆನ್ನುವವನಲ್ಲ. ಪೌಲನ ಇನ್ನೊಂದು ಪತ್ರಿಕೆಯಿಂದ ರೋಮಾ 14:3 ಇಬ್ಬರಿಗೂ ಕೊಟ್ಟೆವು: ತಿನ್ನುವವನು ಹೀನೈಸಬಾರದು, ತಿನ್ನದವನು ತೀರ್ಪು ಮಾಡಬಾರದು.

ಒಪ್ಪಿದ ಏರ್ಪಾಡು: ಒಂದು ತಿಂಗಳು ಗುಂಪಿಗೆ ಪ್ರಸಂಗ ಹಾಕುವಂತಿಲ್ಲ. ಸೊಸೆ ತಾನೇ ಹೋಗಿ "ಮಗು ಹಾಗಂದದ್ದು ನನ್ನಿಂದ, ತಪ್ಪಾಯ್ತಕ್ಕ" ಎನ್ನಬೇಕು. ಡಬ್ಬ ಖಾಲಿ ಕೊಡಬಾರದು, ಬಾಳೆಹಣ್ಣಾದರೂ ಇರಲಿ. ಮುಂದಿನ ಸಲ ಬೇಡವೆನಿಸಿದರೆ ಬಾಗಿಲಲ್ಲೇ "ಪೂಜೆಗಿಟ್ಟದ್ದು ನಾನು ತಗೊಳ್ಳಲ್ಲ ಅಕ್ಕ, ಬೇಜಾರಾಗಬೇಡಿ" ಎಂದರೆ ಸಾಕು. ಮಗುವಿಗೆ ಮನೆಯವರೆಲ್ಲ ಹೇಳಬೇಕಾದ ಮಾತು ಒಂದೇ: ಅವರು ಪ್ರೀತಿಯಿಂದ ಕೊಟ್ಟರು.

ಮಗನದ್ದು ಬಾಕಿಯಿದೆ. ಆಯುಧಪೂಜೆಯ ದಿನ ಆಫೀಸಿನಲ್ಲಿ ಮಂಗಳಾರತಿ ತಟ್ಟೆಯೂ ಸ್ವೀಟ್ ಬಾಕ್ಸೂ ಎರಡೂ ಅವನ ಮುಂದೆ ಬರುತ್ತವೆ. ಎರಡೂ ಒಂದೇ ಮೇಜೋ ಅಲ್ಲವೋ, ಅದೇ ಪಟ್ಟಿಯಲ್ಲಿ ತಾನೇ ಬರೆದು ಮುಂದಿನ ಭೇಟಿಗೆ ತರಲು ಹೇಳಿದೆ.