ಕೋಶಪೊರೆಯಲ್ಲಿ ಆಯ್ಕೆ ಮಾಡುವವರು ಯಾರು?

ನೀವು ಕೇಳಿರುವುದು ಇದು: ಕೋಶಪೊರೆ ಬೇಕಾದದ್ದನ್ನು ಒಳಗೆ ಬಿಡುತ್ತದೆ, ಬೇಡದ್ದನ್ನು ತಡೆಯುತ್ತದೆ ಎಂದು ಪಠ್ಯದಲ್ಲಿದೆ, ಕಣ್ಣಿಲ್ಲದ, ಮಿದುಳಿಲ್ಲದ ಪೊರೆಗೆ ಬೇಕು ಬೇಡಗಳು ತಿಳಿಯುವುದು ಹೇಗೆ? ಹಲವು ವರ್ಷ ಜೀವಶಾಸ್ತ್ರ ಪಾಠ ಮಾಡಿರುವ ನನಗೆ ಈ ಪ್ರಶ್ನೆ ಓದಿ ನಿಜಕ್ಕೂ ಸಂತೋಷವಾಯಿತು. ‘ಆಯ್ದು ಬಿಡುವ ಪೊರೆ’ ಎಂಬುದನ್ನು ಬಾಯಿಪಾಠ ಮಾಡಿ ಮುಂದೆ ಸಾಗುವವರೇ ಹೆಚ್ಚು. ಆಯುವವರು ಯಾರು ಎಂದು ನಿಂತು ಕೇಳುವವರು ಕಡಿಮೆ.

ಪೊರೆಗೆ ಏನೂ ತಿಳಿಯುವುದಿಲ್ಲ. ಅದರ ರಚನೆಯೇ ಆಯ್ಕೆಯ ಕೆಲಸ ಮಾಡುತ್ತದೆ.

ಪೊರೆಯ ಮುಖ್ಯ ವಸ್ತು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣು. ಅದಕ್ಕೊಂದು ತಲೆ, ಎರಡು ಬಾಲ. ತಲೆಗೆ ನೀರೆಂದರೆ ಒಲವು, ಬಾಲಗಳಿಗೆ ನೀರು ಆಗದು. ಇಂಥ ಅಣುಗಳು ನೀರಿನಲ್ಲಿದ್ದರೆ ಬಾಲಗಳು ಒಂದಕ್ಕೊಂದು ಎದುರಾಗಿ ಒಳಗೆ ಅಡಗುತ್ತವೆ, ತಲೆಗಳು ಎರಡೂ ಬದಿಯ ನೀರಿಗೆ ಮುಖ ಮಾಡುತ್ತವೆ. ಯಾರೂ ಹೆಣೆಯದೆಯೇ ಎರಡು ಪದರದ ಹಾಳೆ ಸಿದ್ಧವಾಗುತ್ತದೆ. ಪ್ರೋಟೀನುಗಳೂ ಸೇರಿ ಪೊರೆಯ ದಪ್ಪ ಸುಮಾರು 7-8 ನ್ಯಾನೋಮೀಟರ್, ಅಷ್ಟೇ. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ಕೆಂಪು ರಕ್ತಕಣಗಳಿಂದ ಕೊಬ್ಬನ್ನು ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿ ಅಳೆದರು. ಅದು ಕಣಗಳ ಮೇಲ್ಮೈಯ ಸುಮಾರು ಎರಡರಷ್ಟಿತ್ತು. ವಾಸ್ತವವಾಗಿ ಅವರು ಎರಡು ಕಡೆ ತಪ್ಪಿದ್ದರು: ಕೊಬ್ಬು ಪೂರ್ತಿ ಹೊರಬಂದಿರಲಿಲ್ಲ, ಕಣಗಳ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ, ಎರಡು ಪದರ ಎಂಬ ತೀರ್ಮಾನ ಸರಿಯಾಗಿಯೇ ಉಳಿಯಿತು.

ಹಾಳೆಯ ನಡುಭಾಗ ಎಣ್ಣೆಯಂತಿದೆ. ತಡೆಯುವುದು ಈ ಎಣ್ಣೆಯೇ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂತಹ ಪುಟ್ಟ ಅಣುಗಳು ಅದರಲ್ಲಿ ಸುಲಭವಾಗಿ ಕರಗಿ ದಾಟುತ್ತವೆ. ವಿದ್ಯುದಂಶವಿರುವ ಸೋಡಿಯಂ ಅಯಾನು ದಾಟಬೇಕಾದರೆ ತನ್ನ ಸುತ್ತ ಅಂಟಿಕೊಂಡಿರುವ ನೀರಿನ ಅಣುಗಳನ್ನು ಬಿಟ್ಟುಕೊಡಬೇಕು. ಅದಕ್ಕೆ ತಗಲುವ ಶಕ್ತಿ ಬಹಳ ಹೆಚ್ಚು, ಹಾಗಾಗಿ ಹೊರಗೇ ಉಳಿಯುತ್ತದೆ. ಇದರಲ್ಲಿ ಒಳಿತು ಕೆಡುಕಿನ ತೀರ್ಪೇನೂ ಇಲ್ಲ. ವಿಷವಾದ ಕಾರ್ಬನ್ ಮೊನಾಕ್ಸೈಡ್ ಕೂಡ ಆಮ್ಲಜನಕದಷ್ಟೇ ಸಲೀಸಾಗಿ ಒಳಗೆ ಹೋಗುತ್ತದೆ. ಆದ್ದರಿಂದಲೇ ‘ಬೇಕಾದದ್ದು’ ಎಂಬ ಪಠ್ಯದ ಮಾತು ನನಗೆ ಒಪ್ಪಿಗೆಯಿಲ್ಲ.

ಇನ್ನು ಒಳಗೆ ಬಿಡುವ ಕೆಲಸ. ಅದು ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳದು. ಪೊಟ್ಯಾಸಿಯಂ ನಾಲೆಯನ್ನೇ (ಪೊಟ್ಯಾಸಿಯಂ ಅಯಾನು ದಾಟಲು ಪ್ರೋಟೀನಿನಲ್ಲಿರುವ ದಾರಿ) ನೋಡಿ, ನನಗೆ ಇದರಷ್ಟು ಬೆರಗು ಹುಟ್ಟಿಸಿದ ಅಣು ಮತ್ತೊಂದಿಲ್ಲ. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ಆದರೂ ಈ ನಾಲೆ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ! ಬರೀ ಜರಡಿಯಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ. 1998ರಲ್ಲಿ ರೋಡರಿಕ್ ಮೆಕಿನಾನ್ ಅವರ ತಂಡ ಅದರ ರಚನೆಯನ್ನು ಬಿಡಿಸಿದಾಗ ಗುಟ್ಟು ಸ್ಪಷ್ಟವಾಯಿತು. ನಾಲೆಯ ಇಕ್ಕಟ್ಟಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ನಿಂತಿವೆ. ಪೊಟ್ಯಾಸಿಯಂ ಸುತ್ತ ನೀರಿನ ಆಮ್ಲಜನಕ ಎಷ್ಟು ದೂರದಲ್ಲಿತ್ತೋ ಸರಿಸುಮಾರು ಅಷ್ಟೇ ದೂರದಲ್ಲಿ. ನೀರನ್ನು ಬಿಟ್ಟರೂ ಅದಕ್ಕೆ ನಷ್ಟವಿಲ್ಲ. ಚಿಕ್ಕದಾದ ಸೋಡಿಯಂಗೆ ಆ ಆಸರೆ ಕೈಗೆಟುಕುವುದಿಲ್ಲ, ಹಾಗಾಗಿ ಅದು ತನ್ನ ನೀರನ್ನು ಬಿಡುವುದಿಲ್ಲ. ನೀವು ಕೇಳಿದ ‘ತಿಳಿಯುವುದು’ ಎಂದರೆ ಈ ಅಂತರದ ಹೊಂದಾಣಿಕೆ. ಈ ಕೆಲಸಕ್ಕೆ ಮೆಕಿನಾನ್ 2003ರ ನೊಬೆಲ್ ಪಡೆದರು. ನೀರಿನ ನಾಲೆಯನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರೊಂದಿಗೆ ಹಂಚಿಕೊಂಡರು.

ನಾಲೆಯಲ್ಲಿ ಹರಿವು ಇಳಿಜಾರಿನದು, ಅಂದರೆ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ, ಅದಕ್ಕೆ ಶಕ್ತಿಯ ಖರ್ಚಿಲ್ಲ. ಇಳಿಜಾರಿಗೆ ಎದುರಾಗಿ ಸಾಗಿಸಲು ಪಂಪು ಬೇಕು. ಸೋಡಿಯಂ-ಪೊಟ್ಯಾಸಿಯಂ ಪಂಪು ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೊಂದನ್ನು ಒಡೆದು 3 ಸೋಡಿಯಂಗಳನ್ನು ಹೊರಹಾಕಿ 2 ಪೊಟ್ಯಾಸಿಯಂಗಳನ್ನು ಒಳತರುತ್ತದೆ.

ಈ ಪ್ರೋಟೀನುಗಳನ್ನು ಗೋಡೆಯ ಕಿಟಕಿಗಳಂತೆ ಕಲ್ಪಿಸಿಕೊಳ್ಳಬೇಡಿ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಬೆಸೆದಾಗ, ಎರಡರ ಪ್ರೋಟೀನುಗಳು 40 ನಿಮಿಷಗಳಲ್ಲಿ ಬೆರೆತುಹೋದವು. ಪೊರೆ ಒಂದು ದ್ರವ. ಸಿಂಗರ್ ಮತ್ತು ನಿಕಲ್ಸನ್ 1972ರಲ್ಲಿ ಮಂಡಿಸಿದ ದ್ರವ ಮೊಸಾಯಿಕ್ ಮಾದರಿಯ (ದ್ರವದಂಥ ಕೊಬ್ಬಿನ ಹಾಳೆಯಲ್ಲಿ ಪ್ರೋಟೀನುಗಳು ಚೂರುಚೂರಾಗಿ ಹುದುಗಿರುವ ಚಿತ್ರ) ತಿರುಳು ಇದೇ.

ಇನ್ನೊಂದು ಮಾತು, ಇದು ಪಠ್ಯದಲ್ಲಿ ಸಿಗದಿರಬಹುದು. ಆಯ್ಕೆ ಸದಾ ಒಂದೇ ರೀತಿ ಇರುವುದಿಲ್ಲ. ಸ್ನಾಯುಕೋಶ ತನ್ನ ಗ್ಲೂಕೋಸ್ ಸಾಗಣೆಯ ಪ್ರೋಟೀನುಗಳಲ್ಲಿ ಬಹುಪಾಲನ್ನು ಒಳಗಿನ ಪುಟ್ಟ ಚೀಲಗಳಲ್ಲಿ ಇಟ್ಟುಕೊಂಡಿರುತ್ತದೆ. ಹೊರಗೆ ಇನ್ಸುಲಿನ್ ಬಂದು ಪೊರೆಯ ಗ್ರಾಹಕವನ್ನು (ಸಂದೇಶ ಹಿಡಿಯುವ ಪ್ರೋಟೀನನ್ನು) ಮುಟ್ಟಿದೊಡನೆ ಆ ಚೀಲಗಳು ಮೇಲೆದ್ದು ಪೊರೆಯೊಂದಿಗೆ ಒಂದಾಗುತ್ತವೆ, ಗ್ಲೂಕೋಸ್ ಒಳಹರಿಯುತ್ತದೆ. ಇನ್ಸುಲಿನ್ ಇಳಿದಂತೆ ಕೋಶ ಆ ಪ್ರೋಟೀನುಗಳನ್ನು ಮತ್ತೆ ಒಳಗೆಳೆದುಕೊಳ್ಳುತ್ತದೆ.